ವೃದ್ಧ ಮಾತಾಪಿತೃಗಳ ಪರದೇಶವಾಸ

ವಿದ್ಯಾರ್ಜನೆಗಾಗಿ ಅಮೆರಿಕಕ್ಕೆ ತೆರಳಿದ ಮಕ್ಕಳು ಅಲ್ಲಿಯೇ ಉದ್ಯೋಗಸ್ಥರಾಗಿ, ಕಾಲಕ್ರಮದಲ್ಲಿ ಆ ದೇಶದ ಪೌರತ್ವವನ್ನೂ ಪಡೆದು, ಊರಿನಲ್ಲಿ ಉಳಿದ ತಾಯಿಯನ್ನೋ ತಂದೆಯನ್ನೋ ತಮ್ಮ ಬಳಿಗೆ ಕರೆಯಿಸಿಕೊಳ್ಳಲು ಬಯಸುವುದು ಈಗ ಅನೇಕ ಕುಟುಂಬಗಳಲ್ಲಿ ಕಾಣುವ ಸಂಗತಿಯಾಗಿದೆ. ಬಯಕೆಯು ಸಾಧುವಾದುದೇ ಸರಿ. ಆದರೆ ಇದಕ್ಕಾಗಿ ಸಲ್ಲಿಸುವ ಅರ್ಜಿಯು ಅವಸರದಲ್ಲಿ ತುಂಬಿ ಕಳುಹಿಸತಕ್ಕ ಕಾಗದವಲ್ಲ. ಹಿರಿಯರ ಹೆಸರು, ಹುಟ್ಟು, ವಿವಾಹ, ಶೇಷಾಯುಷ್ಯದ ವಾಸಸ್ಥಾನ ಇವೆಲ್ಲವೂ ಅದರಲ್ಲಿ ಅಡಗಿವೆ. ಆದುದರಿಂದ ಈ ವಿಷಯವಾಗಿ ನಾಲ್ಕು ಮಾತುಗಳನ್ನು ಗೃಹಸ್ಥರ ಮುಂದಿಡುತ್ತೇವೆ.

ಮೊದಲನೆಯದು ಅಧಿಕಾರದ ವಿಚಾರ. ತಂದೆತಾಯಿಗಳಿಗಾಗಿ ಮನವಿ ಸಲ್ಲಿಸುವ ಮಗನಾಗಲಿ ಮಗಳಾಗಲಿ ಆ ದೇಶದ ಪೌರರಾಗಿದ್ದು, 21 ವರ್ಷ ತುಂಬಿದವರಾಗಿರಬೇಕು. ಕೇವಲ ಗ್ರೀನ್ ಕಾರ್ಡು ಪಡೆದವರಿಗೆ ಈ ಅಧಿಕಾರವಿಲ್ಲ. ಐ-130 ಎಂಬ ಈ ಮನವಿಯನ್ನು ತಂದೆಗೊಂದು, ತಾಯಿಗೊಂದು, ಹೀಗೆ ಪ್ರತ್ಯೇಕವಾಗಿ ಸಲ್ಲಿಸತಕ್ಕದ್ದು. ಪೌರರ ತಂದೆತಾಯಿಗಳಿಗೆ ವಾರ್ಷಿಕ ಸಂಖ್ಯಾಮಿತಿಯಿಲ್ಲ; ಒಡಹುಟ್ಟಿದವರಂತೆ ಇವರು ಬಹುವರ್ಷ ಸರದಿ ಕಾಯಬೇಕಾದುದಿಲ್ಲ. ಮುಂದೆ ಐ-864 ಎಂಬ ಪೋಷಣೆಯ ಪ್ರತಿಜ್ಞಾಪತ್ರದಲ್ಲಿ, ತಮ್ಮ ವರಮಾನವು ಆ ಸರ್ಕಾರವು ಗೊತ್ತುಮಾಡಿದ ಬಡತನದ ಮಟ್ಟದ ಶೇಕಡಾ 125ಕ್ಕೆ ಕಡಿಮೆಯಿಲ್ಲವೆಂದು ಮಕ್ಕಳು ತೋರಿಸಬೇಕು.

ಎರಡನೆಯದು ಜನನದ ದಾಖಲೆ. ನಮ್ಮಲ್ಲಿ 1969ರ ಜನನ ಮರಣ ನೋಂದಣಿ ಶಾಸನವು ಜಾರಿಗೆ ಬಂದುದು 1970ರ ಏಪ್ರಿಲ್ 1ರಂದು. ಅದಕ್ಕೂ ಮುಂಚೆ ಹಳ್ಳಿಗಳಲ್ಲಿ ಹುಟ್ಟಿದ ಅನೇಕರ ಹೆಸರು ಸರ್ಕಾರದ ಪುಸ್ತಕಗಳಲ್ಲಿ ಸಿಕ್ಕುವುದಿಲ್ಲ. ಅಂಥವರು ದಾಖಲೆಯಿಲ್ಲವೆಂಬ ಪತ್ರವನ್ನು ನೋಂದಣಾಧಿಕಾರಿಯಿಂದ ಪಡೆದು, ಅದರೊಡನೆ ಶಾಲೆಯ ಸರ್ಟಿಫಿಕೇಟನ್ನೂ, ಜನನವನ್ನು ಬಲ್ಲ ಹಿರಿಯ ಬಂಧುಗಳ ಪ್ರಮಾಣಪತ್ರಗಳನ್ನೂ ಇಡಬೇಕು. ಮಗುವನ್ನು ಶಾಲೆಗೆ ಸೇರಿಸುವಾಗ ಹಿರಿಯರು "ಯುಗಾದಿಯ ಮುಂದೆ ಹುಟ್ಟಿದ್ದು" ಎಂದಷ್ಟೇ ಹೇಳಿದರೆ, ಉಪಾಧ್ಯಾಯರು ಅಂದಾಜಿನ ತಾರೀಖನ್ನು ಬರೆದುಕೊಳ್ಳುತ್ತಿದ್ದ ಕಾಲವೊಂದಿದ್ದಿತೆಂಬುದನ್ನು ಆ ವೃತ್ತಿಯಲ್ಲಿದ್ದ ನಾವು ಬಲ್ಲೆವು. ಜಾತಕದಲ್ಲೊಂದು, ಪಾಸ್‌ಪೋರ್ಟಿನಲ್ಲೊಂದು ದಿನವಿದ್ದರೆ ಇದ್ದುದನ್ನು ಇದ್ದಂತೆಯೇ ವಿವರಿಸತಕ್ಕದ್ದು. ಕಲ್ಪಿತ ಪತ್ರವನ್ನೊಡ್ಡಿದವರಿಗೆ ಆ ದೇಶದ ಬಾಗಿಲು ಶಾಶ್ವತವಾಗಿ ಮುಚ್ಚಬಹುದು.

ಮೂರನೆಯದು ಹೆಸರು. ಕುಲನಾಮವಿಲ್ಲದೆ ಒಂದೇ ಹೆಸರಿನಿಂದ ಬಾಳಿದ ನಮ್ಮ ತಾಯಂದಿರು ಎಷ್ಟೋ ಮಂದಿ. ಪಾಸ್‌ಪೋರ್ಟಿನಲ್ಲಿ ಆ ಒಂದೇ ಹೆಸರಿದ್ದರೆ, ಅಮೆರಿಕದ ವೀಸಾದಲ್ಲಿ ಅದು ಕುಲನಾಮವಾಗಿ ಕುಳಿತು, ಸ್ವಂತ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು", ಎಂದರೆ "ಮೊದಲ ಹೆಸರು ತಿಳಿಯದು" ಎಂಬ ಅಕ್ಷರಗಳು ಬೀಳುತ್ತವೆ. ಎಪ್ಪತ್ತು ವರ್ಷ ಊರೆಲ್ಲ ಕೂಗಿದ ಹೆಸರಿಗೆ ಈ ಗತಿ! ಆದಕಾರಣ ಅರ್ಜಿಗೆ ಮುಂಚೆಯೇ ಪಾಸ್‌ಪೋರ್ಟಿನಲ್ಲಿ ಹೆಸರನ್ನು ಎರಡು ಭಾಗವಾಗಿ ಕ್ರಮಪಡಿಸಿಕೊಳ್ಳುವುದು ಲೇಸು. ತಂದೆಗಾಗಿ ಮನವಿ ಮಾಡುವವರಿಗೆ ತಾಯ್ತಂದೆಗಳ ವಿವಾಹಪತ್ರವೂ ಬೇಕು. 1955ರ ಹಿಂದೂ ವಿವಾಹ ಶಾಸನದಂತೆ ಹಳೆಯ ವಿವಾಹವನ್ನೂ ನೋಂದಾಯಿಸಿಕೊಳ್ಳಬಹುದು. ಕನ್ನಡದ ಪತ್ರಗಳೊಡನೆ, ಭಾಷಾಂತರಕಾರನು ದೃಢೀಕರಿಸಿದ ಇಂಗ್ಲಿಷ್ ಪಾಠವನ್ನಿಡಬೇಕು.

ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆಯೊಂದು ಯಾವ ನಮೂನೆಯಲ್ಲಿಯೂ ಅಚ್ಚಾಗಿಲ್ಲ: ಹೋಗಲು ಆ ಹಿರಿಯರಿಗೆ ಮನಸ್ಸುಂಟೆ? ಮಕ್ಕಳು, ಸೊಸೆಯಂದಿರು, ಅಳಿಯಂದಿರು ಎಲ್ಲರೂ ಸಮಾಲೋಚಿಸಿ, ಹೊರಡಬೇಕಾದ ತಾಯಿಯೊಬ್ಬರನ್ನು ಮಾತ್ರ ಕೇಳದೆ ಬಿಡುವುದನ್ನು ನಾವು ಕಂಡಿದ್ದೇವೆ. ಗ್ರೀನ್ ಕಾರ್ಡು ಯಾತ್ರೆಯ ಚೀಟಿಯಲ್ಲ, ವಾಸದ ಸಂಕಲ್ಪ. ಪುನಃಪ್ರವೇಶದ ಅನುಮತಿಯಿಲ್ಲದೆ ವರ್ಷಕ್ಕೆ ಮೀರಿ ಊರಿನಲ್ಲಿ ನಿಂತರೆ ಆ ಹಕ್ಕು ಕೈತಪ್ಪಬಹುದು. ಅಲ್ಲಿ ದುಡಿಯದ ವೃದ್ಧರು ಮೆಡಿಕೇರ್ ಎಂಬ ಸರ್ಕಾರದ ವೈದ್ಯಕೀಯ ವಿಮೆಯನ್ನು ಹಣ ತೆತ್ತು ಪಡೆಯುವುದಕ್ಕೂ ಐದು ವರ್ಷಗಳ ಸತತ ವಾಸ ಬೇಕು. ಅಲ್ಲಿಯವರೆಗಿನ ಚಿಕಿತ್ಸೆಯ ವೆಚ್ಚವನ್ನು ಮಕ್ಕಳು ಮೊದಲೇ ಲೆಕ್ಕಹಾಕಿರಬೇಕು. ಮೊಮ್ಮಕ್ಕಳ ಮುಖ ಕಂಡು ಕೆಲವು ತಿಂಗಳಲ್ಲಿ ಹಿಂದಿರುಗುವುದೇ ಅವರ ಇಷ್ಟವಾದರೆ ಸಂದರ್ಶಕರ ವೀಸಾಕ್ಕೆ ಯತ್ನಿಸುವುದೇ ಯುಕ್ತ.

ಡಿಎಸ್-260 ಎಂಬ ಕೊನೆಯ ಅರ್ಜಿಯನ್ನು ತುಂಬಲು ಯಾರು ನೆರವಾದರೂ ಸಹಿ ಮಾತ್ರ ಅರ್ಜಿದಾರರದೇ ಆಗಬೇಕು. ಕಾನ್ಸುಲೇಟಿನ ಅಧಿಕಾರಿಯು ಪ್ರಶ್ನಿಸುವುದೂ ಅವರನ್ನೇ. ಆದುದರಿಂದ ಒಂದು ಸಂಜೆ ಬಿಡುವು ಮಾಡಿಕೊಂಡು, ಅರ್ಜಿಯ ಪ್ರತಿಯೊಂದು ಪ್ರಶ್ನೆಯನ್ನೂ ಕನ್ನಡದಲ್ಲಿ ಓದಿ ಹೇಳಿ, ಅವರ ಉತ್ತರವನ್ನು ಕೇಳಿ ಬರೆಯಿರಿ. "ಒಲ್ಲೆ" ಎಂದರೆ ಅದನ್ನೂ ಉತ್ತರವೆಂದೇ ಗೌರವಿಸಿರಿ. ಮಾತಾಪಿತೃಸೇವೆಗೆ ಇದೇ ಪ್ರಥಮ ಸೋಪಾನವೆಂದು ನಮ್ಮ ಮತ.