ಹಳೆಯ ಮೋಟಾರ್ ಸೈಕಲ್ಲಿನ ವಯಸ್ಸು: ಚಾಸಿ ಮತ್ತು ಎಂಜಿನ್ ಸಂಖ್ಯೆಗಳು ಹೇಳುವುದೇನು?

ಗಣಪತಿ (ಕೊಯಮತ್ತೂರು): ಮನೆಯೊಳಗೆ ಕನ್ನಡವಾಡುವ ನಮ್ಮ ಕುಟುಂಬಗಳ ಹಿತ್ತಿಲಲ್ಲಿ ತಾತನ ಕಾಲದ ಜಾವಾ, ಯೆಜ್ಡಿ ಅಥವಾ ಬುಲೆಟ್ ಇಂದಿಗೂ ನಿಂತಿರುವುದುಂಟು. ಗುಜರಿಯವರು ಅದಕ್ಕೆ ಕಬ್ಬಿಣದ ತೂಕದ ಬೆಲೆ ಕಟ್ಟುತ್ತಾರೆ. ಅದೇ ವಾಹನವನ್ನು ಕೊಳ್ಳಹೊರಟಾಗ ಮಾರುವವರು ಹತ್ತು ವರ್ಷ ಹಿಂದಕ್ಕೆ ಸರಿಸಿ ಹೇಳಿ ಬೆಲೆ ಏರಿಸುತ್ತಾರೆ. ಎರಡೂ ಕಡೆ ನಷ್ಟ ನಮ್ಮದೇ. ಇದನ್ನು ತಪ್ಪಿಸಬೇಕಾದರೆ ವಾಹನದ ಮೈಮೇಲಿರುವ ಎರಡು ಸಂಖ್ಯೆಗಳನ್ನು ಓದಲು ಕಲಿಯಬೇಕು.

ಮೊದಲನೆಯದು ಚಾಸಿ ಸಂಖ್ಯೆ. ಸಾಮಾನ್ಯವಾಗಿ ಇದನ್ನು ಹ್ಯಾಂಡಲ್ ತಿರುಗುವ ಕೊಳವೆಯ ಪಕ್ಕದಲ್ಲಿ, ಚೌಕಟ್ಟಿನ ಲೋಹದ ಮೇಲೆಯೇ ಅಚ್ಚೊತ್ತಿರುತ್ತಾರೆ. ಎರಡನೆಯದು ಎಂಜಿನ್ ಸಂಖ್ಯೆ. ಇದು ಸಾಮಾನ್ಯವಾಗಿ ಸಿಲಿಂಡರಿನ ಕೆಳಗಿನ ಕ್ರ್ಯಾಂಕ್‌ಕೇಸ್ ಮೇಲಿರುತ್ತದೆ. ಟ್ಯಾಂಕ್, ಮಡ್‌ಗಾರ್ಡ್, ದೀಪ, ಸೀಟುಗಳನ್ನು ಒಂದು ಮಧ್ಯಾಹ್ನದಲ್ಲಿ ಬದಲಿಸಬಹುದು; ಎಂಜಿನ್ನನ್ನೂ ಬದಲಿಸಬಹುದು. ಚೌಕಟ್ಟನ್ನು ಬದಲಿಸಿದರೆ ಮಾತ್ರ ವಾಹನವೇ ಬೇರೆಯಾಗುತ್ತದೆ. ಆದುದರಿಂದ ವಯಸ್ಸಿನ ವಿಚಾರದಲ್ಲಿ ಚಾಸಿ ಸಂಖ್ಯೆಯೇ ಮೊದಲ ಸಾಕ್ಷಿ, ಎಂಜಿನ್ ಸಂಖ್ಯೆ ಎರಡನೆಯ ಸಾಕ್ಷಿ.

ಸಂಖ್ಯೆಯನ್ನು ನೋಡುವ ಮುನ್ನ ಕಂಪನಿಯ ಚರಿತ್ರೆಯನ್ನು ತಿಳಿದಿರುವುದು ಒಳ್ಳೆಯದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ ಚೆಕ್ ದೇಶದ ಜಾವಾ ಸಂಸ್ಥೆಯ ಪರವಾನಗಿಯೊಡನೆ 1961ರಲ್ಲಿ ಉತ್ಪಾದನೆ ಆರಂಭಿಸಿತು. 1970ರ ದಶಕದಲ್ಲಿ ಹೆಸರು ಯೆಜ್ಡಿ ಎಂದಾಯಿತು. ರೋಡ್‌ಕಿಂಗ್ ಮಾದರಿ 1978ರಲ್ಲಿ ಬಂದಿತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಮದ್ರಾಸಿನಲ್ಲಿ ಬುಲೆಟ್ ಜೋಡಣೆ ಆರಂಭವಾದದ್ದು 1955ರಲ್ಲಿ. ಹೀಗಿರುವಾಗ '1965ರ ರೋಡ್‌ಕಿಂಗ್' ಎಂದು ಯಾರಾದರೂ ಹೇಳಿದರೆ, ಸಂಖ್ಯೆಯನ್ನು ನೋಡುವ ಮೊದಲೇ ಆ ಮಾತು ಸುಳ್ಳೆಂದು ತಿಳಿಯುತ್ತದೆ.

ಸಂಖ್ಯೆಯೊಳಗೆ ವರ್ಷ ಅಡಗಿರುವ ರೀತಿ ಎಲ್ಲ ಕಂಪನಿಗಳಲ್ಲಿಯೂ ಒಂದೇ ಅಲ್ಲ. ಮೊದಲ ರೀತಿಯಲ್ಲಿ ಸಂಖ್ಯೆ ಕ್ರಮವಾಗಿ ಏರುತ್ತಾ ಹೋಗುತ್ತದೆ. ಅದರಲ್ಲಿ ವರ್ಷ ನೇರವಾಗಿ ಕಾಣದು. ಕಾರ್ಖಾನೆಯ ರವಾನೆ ದಾಖಲೆಯೊಂದಿಗೆ ಹೋಲಿಸಬೇಕು. ಬ್ರಿಟನ್ನಿನ ವಿಂಟೇಜ್ ಮೋಟಾರ್ ಸೈಕಲ್ ಕ್ಲಬ್ ಇಂತಹ ಹಳೆಯ ದಾಖಲೆಗಳನ್ನು ಕಾಪಾಡಿಕೊಂಡು ಬಂದಿದೆ.

ಎರಡನೆಯ ರೀತಿಯಲ್ಲಿ ಅಕ್ಷರಗಳೇ ತಿಂಗಳು ಮತ್ತು ವರ್ಷವನ್ನು ಸೂಚಿಸುತ್ತವೆ. 1969ರ ಮಾದರಿಯಿಂದ ಬ್ರಿಟನ್ನಿನ ಟ್ರಯಂಫ್ ಮತ್ತು ಬಿಎಸ್ಎ ವಾಹನಗಳಲ್ಲಿ ಮೊದಲ ಅಕ್ಷರ ತಿಂಗಳನ್ನೂ ಎರಡನೆಯದು ಮಾದರಿ ವರ್ಷವನ್ನೂ ಹೇಳುತ್ತಿದ್ದವು. 'ಕೆಡಿ' ಎಂದು ಆರಂಭವಾದರೆ, 'ಕೆ' ಎಂದರೆ ಸೆಪ್ಟೆಂಬರ್, 'ಡಿ' ಎಂದರೆ 1970. ಆದರೆ ಅವರ ಮಾದರಿ ವರ್ಷ ಹಿಂದಿನ ಆಗಸ್ಟಿನಲ್ಲಿಯೇ ಆರಂಭವಾಗುತ್ತಿತ್ತು. ಆದ್ದರಿಂದ ಆ ವಾಹನ ತಯಾರಾದದ್ದು 1969ರ ಸೆಪ್ಟೆಂಬರಿನಲ್ಲಿ. ನಮ್ಮ ಶಾಲೆಗಳ ವರ್ಷ ಜೂನ್‌ನಲ್ಲಿ ಆರಂಭವಾಗುವಂತೆ, ಕಾರ್ಖಾನೆಯ ವರ್ಷವೂ ಜನವರಿಯಲ್ಲಿಯೇ ಆರಂಭವಾಗಬೇಕೆಂದಿಲ್ಲ.

ಮೂರನೆಯದು ಇಂದಿನ 17 ಅಕ್ಷರ-ಅಂಕಿಗಳ ಸಂಖ್ಯೆ. ಇದರಲ್ಲಿ ಇಂಗ್ಲಿಷಿನ ಐ, ಓ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಒಂದು, ಸೊನ್ನೆಗಳೊಂದಿಗೆ ಗೊಂದಲವಾಗಬಾರದೆಂಬುದೇ ಕಾರಣ. ಅನೇಕ ತಯಾರಕರು ಹತ್ತನೆಯ ಸ್ಥಾನದಲ್ಲಿ ವರ್ಷದ ಗುರುತನ್ನು ಇಡುತ್ತಾರೆ. ಅಲ್ಲಿ 'ಎ' ಇದ್ದರೆ 2010, 'ಜೆ' ಇದ್ದರೆ 2018. ತಾತನ ಕಾಲದ ವಾಹನದಲ್ಲಿ ಇಂತಹ 17 ಸ್ಥಾನಗಳ ಸಂಖ್ಯೆ ಕಂಡರೆ ಸಂಶಯಪಡಬೇಕು.

ಸಂಖ್ಯೆಯನ್ನು ಓದುವುದಕ್ಕೂ ಕ್ರಮವಿದೆ. ಸೀಮೆಎಣ್ಣೆ ಮತ್ತು ಮೆದು ಬ್ರಷ್‌ನಿಂದ ಜಿಡ್ಡು ತೆಗೆಯಿರಿ. ಉಪ್ಪುಕಾಗದವನ್ನಾಗಲಿ ಅರವನ್ನಾಗಲಿ ಮುಟ್ಟಿಸಬೇಡಿ. ಉಜ್ಜಿದ ಗುರುತು ಕಂಡರೆ ಅಧಿಕಾರಿಗಳು ಸಂಖ್ಯೆಯನ್ನು ತಿದ್ದಲಾಗಿದೆಯೆಂದೇ ಶಂಕಿಸುವರು. ತೆಳುವಾದ ಕಾಗದವನ್ನು ಮೇಲಿಟ್ಟು ಪೆನ್ಸಿಲ್ ಉಜ್ಜಿದರೆ ಅಂಕಿಗಳು ಮೂಡುತ್ತವೆ. ಮಕ್ಕಳು ನಾಣ್ಯದ ಅಚ್ಚು ತೆಗೆಯುವ ವಿಧಾನವೇ ಇದು. ಅಂಕಿಗಳ ಗಾತ್ರ, ಆಳ, ಸಾಲು ಅಸಹಜವಾಗಿದ್ದರೆ ಎಚ್ಚರ ವಹಿಸಿ. ಅಚ್ಚೊತ್ತಿದಾಗ ಕೆಳಗಿನ ಲೋಹವೂ ಒತ್ತಡಕ್ಕೆ ಸಿಕ್ಕಿರುತ್ತದೆ. ಆದುದರಿಂದ ಮೇಲ್ಮೈಯನ್ನು ಅರೆದು ತೆಗೆದರೂ ಅಪರಾಧ ಪ್ರಯೋಗಾಲಯದವರು ರಾಸಾಯನಿಕ ದ್ರಾವಣದಿಂದ ಹಳೆಯ ಅಂಕಿಯನ್ನು ಮರಳಿ ಕಾಣಿಸಬಲ್ಲರು.

ಬಳಿಕ ಎರಡೂ ಸಂಖ್ಯೆಗಳನ್ನು ಆರ್‌ಸಿ ಪುಸ್ತಕದೊಂದಿಗೆ ಅಕ್ಷರಶಃ ಹೋಲಿಸಿ. ಚಾಸಿ ಸಂಖ್ಯೆ ಹೊಂದದಿದ್ದರೆ ಆ ವಾಹನವನ್ನು ಕೊಳ್ಳಬೇಡಿ. ಎಂಜಿನ್ ಸಂಖ್ಯೆ ಮಾತ್ರ ಬೇರೆಯಾಗಿದ್ದರೆ, ಆ ಬದಲಾವಣೆಯನ್ನು ಆರ್‌ಟಿಒ ಕಚೇರಿಯಲ್ಲಿ ನಮೂದಿಸಲಾಗಿದೆಯೇ ಎಂದು ನೋಡಿ. ಬಹಳ ಹಳೆಯ ಪುಸ್ತಕವನ್ನು ಓದುವಾಗ ಗಡಿಯ ಚರಿತ್ರೆಯೂ ನೆನಪಿನಲ್ಲಿರಲಿ: ಕೊಳ್ಳೇಗಾಲವು 1956ರ ನವೆಂಬರ್ 1ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಅಲ್ಲಿಯ ಮನೆಯೊಂದರ ಅಂದಿನ ದಾಖಲೆಯಲ್ಲಿ ಮದ್ರಾಸಿನ ಮುದ್ರೆ ಕಂಡರೆ ಅದು ನಕಲಿ ಎಂದು ಭಾವಿಸಬೇಕಾಗಿಲ್ಲ.

ಇಷ್ಟೆಲ್ಲ ಶ್ರಮಕ್ಕೆ ಕಾನೂನಿನ ಕಾರಣವೂ ಇದೆ. ಕೇಂದ್ರ ಸರ್ಕಾರದ 2021ರ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ ಮತ್ತು ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಾಗದ ವಾಹನವನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ. ಫಲಕದಲ್ಲಿ 'ವಿಎ' ಅಕ್ಷರಗಳಿರುತ್ತವೆ. ಇಲ್ಲಿ ಲೆಕ್ಕಕ್ಕೆ ಬರುವುದು ತಯಾರಾದ ದಿನವಲ್ಲ, ಮೊದಲ ನೋಂದಣಿಯ ದಿನ. ಸಂಖ್ಯೆ ಹೇಳುವ ವರ್ಷಕ್ಕೂ ಪುಸ್ತಕ ಹೇಳುವ ವರ್ಷಕ್ಕೂ ಒಂದೆರಡು ವರ್ಷ ಅಂತರವಿದ್ದರೆ ಅದು ಸಹಜ. ಆದರೆ ವಾಹನ ತಯಾರಾಗುವ ಮೊದಲೇ ನೋಂದಣಿಯಾಗಿದ್ದರೆ ಅದು ಅಸಾಧ್ಯ! ವಿಂಟೇಜ್ ನೋಂದಣಿಯಾದ ವಾಹನವನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ ಎಂಬುದನ್ನೂ ಅರ್ಜಿ ಹಾಕುವ ಮುನ್ನ ಯೋಚಿಸಬೇಕು.

ಪೋಷಕರಲ್ಲಿ ಒಂದು ವಿನಂತಿ. ಈ ರಜೆಯಲ್ಲಿ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಮನೆಯ ಹಳೆಯ ವಾಹನದ ಸಂಖ್ಯೆಗಳನ್ನು ಓದಿಸಿರಿ. ಯಾರು, ಯಾವ ಊರಿನಲ್ಲಿ, ಯಾವ ಕೆಲಸಕ್ಕಾಗಿ ಅದನ್ನು ಕೊಂಡರೆಂದು ಹಿರಿಯರನ್ನು ಕೇಳಿ ಕನ್ನಡದಲ್ಲಿ ಬರೆಸಿರಿ. ಬರೆದ ಹಾಳೆಯನ್ನು ಆರ್‌ಸಿ ಪುಸ್ತಕದೊಳಗೇ ಇಡಿ. ಮುಂದೆ ಗುಜರಿಯವರು ಬಾಗಿಲಿಗೆ ಬಂದಾಗ ಬೆಲೆಯನ್ನು ಹೇಳುವವರು ನೀವಾಗಿರುತ್ತೀರಿ.