ಪರಿವರ್ತಕದೊಳಗಿನ ಕಾಗದ

ಕರ್ನಾಟಕದ ಗಡಿಗೆ ಸಮೀಪವಿರುವ ಹಿಂದೂಪುರ ಹಾಗೂ ಕಲ್ಯಾಣದುರ್ಗದ ಸೀಮೆ ಮಳೆ ಕಡಿಮೆ ಬೀಳುವ ನಾಡು. ಅಲ್ಲಿನ ಹಿಪ್ಪುನೇರಳೆ ತೋಟಗಳಿಗೆ, ಮಳೆ ಕೈಕೊಟ್ಟಾಗ ಕಡಲೆಕಾಯಿ ಹೊಲಗಳಿಗೂ ಕೊಳವೆಬಾವಿಯೇ ಆಧಾರ. ಕೊಳವೆಬಾವಿಯ ಪಂಪಿಗೆ ಆಧಾರ, ಜನರು ಟ್ರಾನ್ಸ್‌ಫಾರ್ಮರ್ ಎಂದು ಕರೆಯುವ ವಿದ್ಯುತ್ ಪರಿವರ್ತಕ. ಅದು 11,000 ವೋಲ್ಟಿನ ವಿದ್ಯುತ್ತನ್ನು 433 ವೋಲ್ಟಿಗೆ ಇಳಿಸಿ ಪಂಪಿಗೆ ಒದಗಿಸುತ್ತದೆ. ಅದು ಸುಟ್ಟುಹೋದರೆ ಬದಲಿ ಬರುವವರೆಗೆ ಪೈರಿಗೆ ನೀರಿಲ್ಲ.

ಪರಿವರ್ತಕದೊಳಗೆ ತಂತಿಯ ಸುರುಳಿಗಳಿವೆ. ವಿದ್ಯುತ್ತು ಒಂದು ಸುರುಳಿಯಿಂದ ಇನ್ನೊಂದಕ್ಕಾಗಲಿ ಹೊರಗಿನ ತೊಟ್ಟಿಗಾಗಲಿ ಹಾರದಂತೆ ತಡೆಯುವ ವ್ಯವಸ್ಥೆಗೆ ನಿರೋಧನ ಎಂದು ಹೆಸರು. ಈ ತಡೆಯ ಮುಖ್ಯ ವಸ್ತುಗಳು ಎರಡೇ: ತಂತಿಗೆ ಸುತ್ತಿದ ಕಾಗದ ಮತ್ತು ಅದನ್ನು ನೆನೆಸಿರುವ ಖನಿಜ ತೈಲ. ಎರಡಕ್ಕೂ ಶತ್ರುಗಳು ಶಾಖ ಮತ್ತು ತೇವ. ಹಳೆಯ ಪುಸ್ತಕದ ಹಾಳೆ ಹಳದಿಗಟ್ಟಿ ಮುಟ್ಟಿದರೆ ಮುರಿಯುವಂತೆ, ಈ ಕಾಗದವೂ ಕಾಲಕ್ರಮದಲ್ಲಿ ಪೆಡಸಾಗುತ್ತದೆ.

ನಿರೋಧನವನ್ನು ಅಳೆಯುವ ಪ್ರಥಮ ಸಾಧನ ಮೆಗ್ಗರ್. ವಿದ್ಯುತ್ ಸಂಪರ್ಕವನ್ನು ಪೂರ್ಣವಾಗಿ ಕಡಿದು, ಸುರುಳಿಗಳನ್ನು ಭೂಮಿಗೆ ಜೋಡಿಸಿ ಉಳಿದ ವಿದ್ಯುತ್ತನ್ನು ಹರಿಯಗೊಟ್ಟ ಮೇಲೆಯೇ ಪರೀಕ್ಷೆ ಆರಂಭವಾಗಬೇಕು. ಅನಂತರ ಸುರುಳಿ ಮತ್ತು ತೊಟ್ಟಿಯ ನಡುವೆ, ಎರಡು ಸುರುಳಿಗಳ ನಡುವೆ ರೋಧವನ್ನು ಮೆಗಾಓಮ್‌ಗಳಲ್ಲಿ ಓದುತ್ತಾರೆ. 15ನೆಯ ಸೆಕೆಂಡಿಗಿಂತ 60ನೆಯ ಸೆಕೆಂಡಿನ ಅಳತೆ ಸಾಕಷ್ಟು ಹೆಚ್ಚಿದ್ದರೆ ನಿರೋಧನ ಒಣಗಿದೆ ಎಂದರ್ಥ. ಎರಡೂ ಹೆಚ್ಚುಕಡಿಮೆ ಸಮನಾಗಿದ್ದರೆ ತೇವದ ಸಂಶಯ.

ಆದರೆ ಒಂದೇ ಅಂಕಿಯನ್ನು ನೆಚ್ಚಿ ತೀರ್ಪು ಕೊಡಲಾಗದು. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ರೋಧ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಯಲುಸೀಮೆಯ ಬೇಸಗೆಯ ಮಧ್ಯಾಹ್ನದ ಅಳತೆಯನ್ನು ಚಳಿಗಾಲದ ಮುಂಜಾನೆಯ ಅಳತೆಯೊಂದಿಗೆ ಹಾಗೆಯೇ ಹೋಲಿಸಿದರೆ ಆರೋಗ್ಯವಂತ ಪರಿವರ್ತಕವೂ ರೋಗಿಯಂತೆ ಕಂಡೀತು. ಆದುದರಿಂದ ಉಷ್ಣತೆಯನ್ನೂ ಬರೆದಿಟ್ಟು, ಹಿಂದಿನ ವರ್ಷಗಳ ದಾಖಲೆಯೊಡನೆ ಹೋಲಿಸುವುದೇ ಸರಿಯಾದ ಕ್ರಮ.

ತೈಲದ ಪರೀಕ್ಷೆ ಬೇರೆ. 2.5 ಮಿಲಿಮೀಟರ್ ಅಂತರದ ಎರಡು ಲೋಹದ ತುದಿಗಳ ನಡುವೆ ತೈಲವನ್ನಿರಿಸಿ, ಕಿಡಿ ಹಾರುವವರೆಗೆ ವೋಲ್ಟೇಜನ್ನು ಏರಿಸುತ್ತಾರೆ. ವಿತರಣಾ ಪರಿವರ್ತಕದ ತೈಲ 30 ಕಿಲೋವೋಲ್ಟನ್ನಾದರೂ ತಾಳಬೇಕೆಂಬುದು ರೂಢಿಯ ಮಿತಿ. ಪರಿವರ್ತಕ ಉಸಿರಾಡುವ ಗಾಳಿಯ ತೇವವನ್ನು ಹೀರುವ ಸಿಲಿಕಾ ಜೆಲ್ ನೀಲಿಯಿಂದ ಗುಲಾಬಿ ಬಣ್ಣಕ್ಕೆ ತಿರುಗಿದರೆ ಅದೂ ಒಂದು ಎಚ್ಚರಿಕೆ.

ಕೆಟ್ಟ ತೈಲವನ್ನು ಸೋಸಬಹುದು, ಬದಲಿಸಬಹುದು. ಕಾಗದಕ್ಕೆ ಆ ಭಾಗ್ಯವಿಲ್ಲ. ಹೊಸ ಕಾಗದದ ಸೆಲ್ಯುಲೋಸ್ ಸರಪಳಿಯಲ್ಲಿ ಸರಾಸರಿ ಸುಮಾರು 1000 ಕೊಂಡಿಗಳಿರುತ್ತವೆ. ಅವು 200ಕ್ಕೆ ಇಳಿದರೆ ಅದರ ಆಯುಸ್ಸು ತೀರಿದಂತೆ. ತುಂಡಾದ ಸರಪಳಿಯನ್ನು ಯಾವ ದುರಸ್ತಿಯೂ ಮತ್ತೆ ಬೆಸೆಯಲಾರದು. ತೇವವನ್ನು ಸಕಾಲದಲ್ಲಿ ಕಂಡು ಹೊರಹಾಕಿದರೆ ಮಾತ್ರ ಕಾಗದ ಉಳಿಯುತ್ತದೆ; ಅದು ಉಳಿದರೆ ಪರಿವರ್ತಕ ಉಳಿಯುತ್ತದೆ, ಪೈರಿಗೆ ನೀರು ತಪ್ಪುವುದಿಲ್ಲ.