ಚಾಕೊಲೇಟು ಗಂಟುಗಟ್ಟಿತೇ? ಮಗುವನ್ನು ಗದರಬೇಡಿ

ಕ್ರಿಸ್‌ಮಸ್ ಕೇಕಿಗೆ ಮೇಲುಹೊದಿಕೆ ಹಾಕಲು ಬಿಸಿನೀರಿನ ಪಾತ್ರೆಯ ಮೇಲಿಟ್ಟು ಚಾಕೊಲೇಟು ಕರಗಿಸುತ್ತಿದ್ದೀರಿ. ಮಗು ಒದ್ದೆ ಚಮಚ ಅದ್ದಿತು. ನುಣ್ಣಗಿದ್ದದ್ದು ಕ್ಷಣದಲ್ಲೇ ಗಂಟುಗಟ್ಟಿತು. ಏಕೆ?

ಚಾಕೊಲೇಟೆಂದರೆ ಕೋಕೋ ಬೆಣ್ಣೆಯಲ್ಲಿ ಹರಡಿಕೊಂಡಿರುವ ಸಕ್ಕರೆ ಮತ್ತು ಕೋಕೋ ಕಣಗಳು. ಈ ಬೆಣ್ಣೆ ಸುಮಾರು 34 ಡಿಗ್ರಿ ಸೆಲ್ಸಿಯಸ್‌ನಲ್ಲಿ, ಅಂದರೆ ನಮ್ಮ ಮೈಶಾಖಕ್ಕಿಂತ ತುಸು ಕೆಳಗೇ ಕರಗುತ್ತದೆ. ನಾಲ್ಕು ಹನಿ ನೀರು ಬಿದ್ದರೆ ಸಕ್ಕರೆಯ ಹೊರಮೈ ಪಾಕದಂತೆ ಜಿಗುಟಾಗಿ, ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ.

ಅದನ್ನು ಎಸೆಯಬೇಡಿ. ಬಿಸಿ ಹಾಲನ್ನು ಒಂದೊಂದೇ ಚಮಚ ಹಾಕಿ ಕಲಕಿ. ದ್ರವ ಹೆಚ್ಚಾದಂತೆ ಸಕ್ಕರೆ ಕರಗಿ ಗಂಟು ಬಿಡುತ್ತದೆ. ಇನ್ನದು ಒಣಗಿ ಗರಿಗರಿ ಪದರವಾಗದು. ಆದರೆ ಕೇಕಿನ ಮೇಲೆ ಸುರಿಯಲು ಸೊಗಸಾಗಿರುತ್ತದೆ. ಒಲೆಯ ಕೆಲಸ ನಿಮಗಿರಲಿ. ಗೋಡಂಬಿ, ಚೆರ್ರಿ ಜೋಡಿಸುವುದು ಮಕ್ಕಳ ಪಾಲಿಗಿರಲಿ.